ಪ್ರಚಾರ ವಿಡಿಯೋ ನಿರ್ಮಾಣ

ಸರಕು, ಸೇವೆ, ಸಂಸ್ಥೆ, ಊರು ಅಥವಾ ಉತ್ಸವವನ್ನು ಜನರಿಗೆ ಪರಿಚಯಿಸಿ, ಅವರು ಕೊಳ್ಳುವಂತೆ, ಬರುವಂತೆ ಇಲ್ಲವೇ ಸೇರುವಂತೆ ಮನವೊಲಿಸಲು ತಯಾರಿಸುವ ಕಿರುಚಿತ್ರವೇ ಪ್ರಚಾರ ವಿಡಿಯೋ. ಆರು ಸೆಕೆಂಡಿನ ಯೂಟ್ಯೂಬ್ ಜಾಹೀರಾತಿನಿಂದ ಹತ್ತು ನಿಮಿಷದ ಸಂಸ್ಥಾ ಪರಿಚಯದವರೆಗೆ ಇದರ ಅಳತೆ ಬದಲಾಗುತ್ತದೆ. ಯೋಜನೆ, ಬರವಣಿಗೆ, ಅನುಮತಿ, ಚಿತ್ರೀಕರಣ, ಸಂಕಲನ, ಬಿಡುಗಡೆ ಎಂಬ ಹಂತಗಳು ಮಾತ್ರ ಎಲ್ಲೆಡೆ ಒಂದೇ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಈ ಕೆಲಸ ಹೆಚ್ಚಾಗಿ ಮದುವೆ ಚಿತ್ರೀಕರಿಸುವ ಸ್ಟುಡಿಯೋಗಳ ಕೈಯಲ್ಲಿದೆ. ಬಟ್ಟೆ ಅಂಗಡಿ, ಆಭರಣ ಮಳಿಗೆ, ಟ್ರ್ಯಾಕ್ಟರ್ ಷೋರೂಮ್, ಶಾಲೆ-ಕಾಲೇಜು, ಆಸ್ಪತ್ರೆ, ಸಹಕಾರ ಸಂಘ, ಜಾತ್ರಾ ಸಮಿತಿ ಮತ್ತು ಸರ್ಕಾರಿ ಇಲಾಖೆಗಳು ಇದರ ಮುಖ್ಯ ಗಿರಾಕಿಗಳು. ಬೆಳೆ, ಮಳೆ, ಹುಣ್ಣಿಮೆ ಮತ್ತು ಉತ್ಸವಗಳಿಗೆ ಕಟ್ಟುಬಿದ್ದ ಈ ಸೀಮೆಯಲ್ಲಿ ವಿಡಿಯೋದ ಯಶಸ್ಸನ್ನು ಕ್ಯಾಮೆರಾದ ಬೆಲೆಗಿಂತ ಪಂಚಾಂಗದ ಲೆಕ್ಕವೇ ಹೆಚ್ಚು ನಿರ್ಧರಿಸುತ್ತದೆ.

ಹಿನ್ನೆಲೆ

ವಿಡಿಯೋ ಬರುವ ಮೊದಲೂ ಈ ಭಾಗದಲ್ಲಿ ಪ್ರಚಾರಕ್ಕೆ ತನ್ನದೇ ದಾರಿಗಳಿದ್ದವು. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಹೋರಾಡಿದ ಕಿತ್ತೂರು ಚೆನ್ನಮ್ಮ ಮತ್ತು ಸಂಗೊಳ್ಳಿ ರಾಯಣ್ಣನ ಹೆಸರನ್ನು ಊರೂರಿಗೆ ಒಯ್ದವು ಲಾವಣಿ ಮತ್ತು ಗೀಗೀ ಪದಗಳು. ರಾಯಣ್ಣನ ದಂಗೆಯ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಸಂಗ್ರಹಿಸಿ ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ವೃತ್ತಿ ನಾಟಕ ಕಂಪನಿಗಳು ಜಾತ್ರೆಗಳಲ್ಲಿ ಕ್ಯಾಂಪು ಹಾಕಿದಾಗ ಕರಪತ್ರ ಹಂಚುವುದು, ಗಾಡಿಗೆ ಮೈಕು ಕಟ್ಟಿ ಅಂದಿನ ಆಟದ ಹೆಸರು ಕೂಗುವುದು ರೂಢಿಯಾಗಿತ್ತು. ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮುನ್ನ ಅಂಗಡಿಗಳ ಗಾಜಿನ ಸ್ಲೈಡು ಬೀಳುತ್ತಿತ್ತು.

ಆಕಾಶವಾಣಿಯ ವಿವಿಧ ಭಾರತಿಯಲ್ಲಿ 1967ರಲ್ಲಿ, ದೂರದರ್ಶನದಲ್ಲಿ 1976ರಲ್ಲಿ ವಾಣಿಜ್ಯ ಜಾಹೀರಾತು ಶುರುವಾಯಿತು. ದೊಡ್ಡ ಕಂಪನಿಗಳ ಚಿತ್ರಗಳು ಮುಂಬಯಿಯಲ್ಲಿ ತಯಾರಾಗಿ ಕನ್ನಡಕ್ಕೆ ಡಬ್ ಆಗಿ ಬರುತ್ತಿದ್ದವು. ಊರಿನ ವ್ಯಾಪಾರಿಗೆ ಉಳಿದದ್ದು ಕೇಬಲ್ ಟಿ.ವಿ.ಯ ಕೆಳಪಟ್ಟಿಯಲ್ಲಿ ಓಡುವ ಒಂದು ಸಾಲು, ಇಲ್ಲವೇ ಹಿಂದೆ ಸಿನಿಮಾ ಹಾಡು ಹಾಕಿದ ಅಂಗಡಿಯ ಸ್ಥಿರಚಿತ್ರ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾದಾಗ ಈ ಸ್ಥಿತಿ ಬದಲಾಯಿತು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಅದೇ ವರ್ಷ ಇನ್‌ಸ್ಟಾಗ್ರಾಮ್ ರೀಲ್ಸ್ ಹಾಗೂ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದ ಮೇಲೆ ಉದ್ದಕ್ಕೆ ನಿಂತ ಚೌಕಟ್ಟು ಮನೆಮಾತಾಯಿತು. ಉತ್ತರ ಕರ್ನಾಟಕದ ಆಡುಮಾತಿನ ಹಾಸ್ಯ ಚಾನೆಲ್‌ಗಳಿಗೆ ನೋಡುಗರು ಸಿಕ್ಕಂತೆ ಅಂಗಡಿಕಾರರೂ ಅದೇ ಮಾತಿನಲ್ಲಿ ಜಾಹೀರಾತು ಬಯಸತೊಡಗಿದರು.

ರಾಜ್ಯಮಟ್ಟದಲ್ಲಿ ಸಾರ್ವಜನಿಕ ಸಂಸ್ಥೆಗಳ ಜಾಹೀರಾತುಗಳು ಜನರ ನೆನಪಿನಲ್ಲಿ ಉಳಿದಿವೆ. ಕರ್ನಾಟಕ ಹಾಲು ಮಹಾಮಂಡಳದ ‘ನಂದಿನಿ’ಗಾಗಿ ಡಾ. ರಾಜ್‌ಕುಮಾರ್, ಆನಂತರ ಪುನೀತ್ ರಾಜ್‌ಕುಮಾರ್ ಸಂಭಾವನೆ ಪಡೆಯದೆ ಕಾಣಿಸಿಕೊಂಡರು. ಪ್ರವಾಸೋದ್ಯಮ ಇಲಾಖೆ ‘ಒಂದು ರಾಜ್ಯ, ಹಲವು ಜಗತ್ತು’ ಎಂಬ ಅರ್ಥದ ಘೋಷವಾಕ್ಯವನ್ನಿಟ್ಟುಕೊಂಡು ಕರ್ನಾಟಕವನ್ನು ಪ್ರಚಾರ ಮಾಡಿತು. ಅರಣ್ಯ ಇಲಾಖೆಯ ಸಹಯೋಗದಲ್ಲಿ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿದ ವನ್ಯಜೀವಿ ಸಾಕ್ಷ್ಯಚಿತ್ರ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೆ ಬಂತು. ಅದರ ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಕನ್ನಡದ್ದು ರಿಷಬ್ ಶೆಟ್ಟಿ ಅವರದು. ಸುಮಾರು 52 ನಿಮಿಷದ ಆ ಚಿತ್ರಕ್ಕೆ ನಾಲ್ಕು ವರ್ಷ ಹಿಡಿಯಿತು.

ಯೋಜನೆ

ಮೊದಲ ಸಭೆಯಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆಗಳು ನಾಲ್ಕು: ಯಾರು ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು, ಎಲ್ಲಿ ನೋಡುತ್ತಾರೆ, ಯಾವ ದಿನದೊಳಗೆ ನೋಡಿರಬೇಕು. ಈ ಉತ್ತರಗಳನ್ನು ಒಂದು ಪುಟದಲ್ಲಿ ಬರೆದು ಗಿರಾಕಿಯ ಸಹಿ ಪಡೆಯುವುದು ವೃತ್ತಿಪರರ ರೂಢಿ. ಸಹಿ ಇಲ್ಲದ ಕಡೆ ಸಂಕಲನ ಮುಗಿದ ಮೇಲೆ ‘ನಮ್ಮ ಚೇರಮನ್‌ರು ಎಲ್ಲೂ ಕಾಣವಲ್ರಲ್ಲ’ ಎಂಬ ತಕರಾರು ಏಳುತ್ತದೆ.

ನಾಲ್ಕನೆಯ ಪ್ರಶ್ನೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು. ಕಿತ್ತೂರು ಉತ್ಸವ ಪ್ರತಿ ವರ್ಷ ಅಕ್ಟೋಬರ್ 23ರಿಂದ 25ರವರೆಗೆ ನಡೆಯುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿ, ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ ದಿನದ ನೆನಪು ಅದು. 2024ರಲ್ಲಿ ಅದಕ್ಕೆ 200 ವರ್ಷ ತುಂಬಿತು. ಉತ್ಸವದ ವಿಡಿಯೋ ಅಕ್ಟೋಬರ್ ಮೊದಲ ವಾರ ಜನರ ಮೊಬೈಲಿನಲ್ಲಿರಬೇಕಾದರೆ ಸಂಕಲನ ಸೆಪ್ಟೆಂಬರ್ ಮಧ್ಯಕ್ಕೆ, ಚಿತ್ರೀಕರಣ ಆಗಸ್ಟ್ ಕೊನೆಗೆ, ಅನುಮತಿಯ ಅರ್ಜಿ ಜುಲೈಗೆ ಬೀಳಬೇಕು. ಹೀಗೆ ಬಿಡುಗಡೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದು ಕೆಲಸ ಹಂಚುವುದೇ ನಿರ್ಮಾಣ ವೇಳಾಪಟ್ಟಿ.

ಎಣಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ. ಉತ್ಸವದ ವಿಡಿಯೋದಲ್ಲಿ ವಿಜಯಜ್ಯೋತಿ, ಜಾನಪದ ಕಲಾತಂಡಗಳ ಮೆರವಣಿಗೆ, ಕುಸ್ತಿ ಕಣ ತೋರಿಸಬೇಕೆಂದರೆ ಅವು ಸಿಗುವುದು ಹಿಂದಿನ ವರ್ಷದ ಉತ್ಸವದಲ್ಲಿ ಮಾತ್ರ. ಸೊಗಲದ ಜಲಪಾತ ತುಂಬಿ ಧುಮುಕುವುದು ಮಳೆಗಾಲದಲ್ಲಿ. ಸವದತ್ತಿ ಬಳಿ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ರೇಣುಕಾಸಾಗರ ತುಂಬುವುದು ಮಲಪ್ರಭೆಗೆ ನೀರು ಬಂದಾಗ. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಬಿರುಕುಬಿಟ್ಟ ಕೆಸರು. ಎರಿ (ಕಪ್ಪು ಮಣ್ಣಿನ) ಹೊಲದ ಹಿಂಗಾರಿ ಜೋಳ ಹಸಿರಾಗಿ ನಿಲ್ಲುವುದು ಡಿಸೆಂಬರ್ ಸುಮಾರಿಗೆ, ಎಳ್ಳ ಅಮಾವಾಸ್ಯೆಯಲ್ಲಿ ಹೊಲಕ್ಕೆ ಚರಗ ಚೆಲ್ಲುವ ಹೊತ್ತಿಗೆ. ಹತ್ತಿ ಬಿಡಿಸುವುದು ಮತ್ತು ಕಬ್ಬು ನುರಿಸುವ ಹಂಗಾಮು ಚಳಿಗಾಲದ ಮಾತು. ಸವದತ್ತಿಯ ಯಲ್ಲಮ್ಮನ ಗುಡ್ಡ ಜನರಿಂದ ತುಂಬುವುದು ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ. ಸೀಮೆಯ ಪ್ರವಾಸೋದ್ಯಮ ವಿಡಿಯೋ ಮಾಡುವವರಿಗೆ ಆದ್ದರಿಂದ ಪೂರ್ತಿ ಒಂದು ವರ್ಷದ ಚಿತ್ರೀಕರಣ ಪಟ್ಟಿ ಬೇಕು. ಒಂದೇ ವಾರದಲ್ಲಿ ಎಲ್ಲವನ್ನೂ ತೆಗೆದರೆ ಕೆರೆ ತುಂಬಿದ್ದಾಗ ಹೊಲ ಬರಿದು, ಹೊಲ ತುಂಬಿದ್ದಾಗ ಜಲಪಾತ ಒಣಗಿದ್ದು ಎಂಬಂತಾಗುತ್ತದೆ.

ಬರವಣಿಗೆ

ಚಿತ್ರಕಥೆಯನ್ನು ಸಾಮಾನ್ಯವಾಗಿ ಎರಡು ಕಾಲಮ್ಮಿನಲ್ಲಿ ಬರೆಯುತ್ತಾರೆ: ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಕನ್ನಡದ ನಿರೂಪಣೆ 30 ಸೆಕೆಂಡಿಗೆ ಸುಮಾರು 45ರಿಂದ 55 ಪದ ಹಿಡಿಯುತ್ತದೆ. ಹಿಂದಿ ಅಥವಾ ಇಂಗ್ಲಿಷ್ ಬರಹವನ್ನು ಪದಕ್ಕೆ ಪದ ಇಳಿಸಿದರೆ ವಾಕ್ಯ ಉದ್ದವಾಗಿ ಚಿತ್ರದ ಜೊತೆ ಓಟಕ್ಕೆ ಬೀಳುತ್ತದೆ. ಪುಸ್ತಕದ ಭಾಷೆಯಲ್ಲಿ ‘ನಮ್ಮ ಮಳಿಗೆಗೆ ಭೇಟಿ ನೀಡಿ’ ಎನ್ನುವುದಕ್ಕಿಂತ ‘ಒಮ್ಮೆ ಬಂದು ನೋಡ್ರೀ’ ಎನ್ನುವುದು ಬೈಲಹೊಂಗಲ ಪೇಟೆಗೆ ಒಗ್ಗುತ್ತದೆ. ಅದೇ ಸಾಲು ಬೆಂಗಳೂರಿನ ಗಿರಾಕಿಗೂ ತಲುಪಬೇಕಿದ್ದರೆ ನಿರೂಪಣೆಯನ್ನು ಶಿಷ್ಟ ಕನ್ನಡದಲ್ಲಿಟ್ಟು, ಪಾತ್ರಗಳ ಮಾತನ್ನು ಮಾತ್ರ ಆಡುನುಡಿಗೆ ಬಿಡುವುದುಂಟು.

ದೃಶ್ಯಗಳನ್ನು ಒಂದೊಂದಾಗಿ ಬರೆದ ಪಟ್ಟಿಗೆ ಶಾಟ್ ಲಿಸ್ಟ್ ಎಂದು ಹೆಸರು. ರಾಮದುರ್ಗ ತಾಲ್ಲೂಕಿನ ಸುರೇಬಾನ ಸುತ್ತಲಿನ ನೇಕಾರರ ಸಂಘವೊಂದು ತನ್ನ ಸೀರೆಗೆ 60 ಸೆಕೆಂಡಿನ ವಿಡಿಯೋ ಮಾಡಿಸುತ್ತದೆ ಎನ್ನೋಣ. ಪಟ್ಟಿ ಹೀಗಿರಬಹುದು: ನಸುಕಿನಲ್ಲಿ ಓಣಿ, ಒಳಗಿನಿಂದ ಮಗ್ಗದ ಸದ್ದು (4 ಸೆಕೆಂಡು); ಹಾಸಿನ ಎಳೆಗಳ ನಡುವೆ ಓಡುವ ಲಾಳಿ, ಅತಿ ಹತ್ತಿರದಿಂದ (3 ಸೆಕೆಂಡು); ನೇಕಾರರ ಕಾಲು, ತುಳಿಯುವ ಹಲಗೆ (3 ಸೆಕೆಂಡು); ಬಣ್ಣದ ಕಂಡಿಕೆ ಸುತ್ತುವ ಹೆಣ್ಣುಮಗಳ ಕೈ (4 ಸೆಕೆಂಡು); ಅಂಚು ಮತ್ತು ಸೆರಗು ಸೇರುವ ಜಾಗ (5 ಸೆಕೆಂಡು); ನೇಕಾರರೊಬ್ಬರ ಮಾತು, ಕ್ಯಾಮೆರಾದ ಪಕ್ಕ ಕುಳಿತವರನ್ನು ನೋಡುತ್ತ (12 ಸೆಕೆಂಡು); ಸೀರೆ ಉಟ್ಟ ಮೂರು ತಲೆಮಾರಿನ ಹೆಂಗಸರು (10 ಸೆಕೆಂಡು); ಗಂಟು ಬಿಚ್ಚಿ ಬೆಲೆ ಹೇಳುವ ಅಂಗಡಿ (8 ಸೆಕೆಂಡು); ಕೊನೆಯ ಫಲಕ, ಫೋನ್ ಸಂಖ್ಯೆ, ವಿಳಾಸ (6 ಸೆಕೆಂಡು). ಉಳಿದ 5 ಸೆಕೆಂಡು ಉಸಿರಾಟಕ್ಕೆ. ಇಷ್ಟು ಬರೆದಾಗಲೇ ಈ ಕೆಲಸಕ್ಕೆ ಎರಡು ಲೆನ್ಸು, ಒಂದು ಕಾಲರ್ ಮೈಕು, ಒಂದೂವರೆ ದಿನ ಸಾಕು ಎಂಬುದು ಗೊತ್ತಾಗುತ್ತದೆ.

ಐತಿಹಾಸಿಕ ವ್ಯಕ್ತಿಗಳನ್ನು ತೋರಿಸುವಾಗ ಬರಹಗಾರರು ಇನ್ನೊಂದು ತೊಡಕನ್ನು ಎದುರಿಸುತ್ತಾರೆ. ಚೆನ್ನಮ್ಮನ ರೂಪ ಜನರ ಕಣ್ಣಲ್ಲಿ ನಿಂತಿರುವುದು ಬಿ.ಆರ್. ಪಂತುಲು ನಿರ್ದೇಶಿಸಿ ಬಿ. ಸರೋಜಾದೇವಿ ಅಭಿನಯಿಸಿದ 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಿಂದ ಹಾಗೂ ಕುದುರೆ ಏರಿ ಖಡ್ಗ ಹಿಡಿದ ಪ್ರತಿಮೆಗಳಿಂದ. ರಾಯಣ್ಣನದು ದರ್ಶನ್ ನಟಿಸಿದ 2012ರ ಚಿತ್ರದಿಂದ. ವೇಷ ಹಾಕಿಸಿ ಮತ್ತೆ ಅದನ್ನೇ ತೋರಿಸುವ ಬದಲು ಇರುವ ಕುರುಹುಗಳನ್ನೇ ಹಿಡಿದವರ ವಿಡಿಯೋ ಬೇರೆಯಾಗಿ ನಿಲ್ಲುತ್ತದೆ: ಕಿತ್ತೂರು ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲು ಬಿಟ್ಟ ಕಿಂಡಿ, ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ, ಸಂಗೊಳ್ಳಿ ಊರು, ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ.

ಖರ್ಚು ಮತ್ತು ಕರಾರು

ಖರ್ಚಿನ ಅಂದಾಜು ಮೂರು ಪಾಲಾಗುತ್ತದೆ: ಚಿತ್ರೀಕರಣಕ್ಕೆ ಮುಂಚಿನದು (ಬರವಣಿಗೆ, ಸ್ಥಳ ನೋಡುವುದು, ಅನುಮತಿ), ಚಿತ್ರೀಕರಣದ ದಿನಗಳದು (ಕ್ಯಾಮೆರಾ, ಬೆಳಕು, ವಾಹನ, ಊಟ, ಕಲಾವಿದರ ಸಂಭಾವನೆ, ಸಹಾಯಕರ ಬ್ಯಾಟಾ), ನಂತರದ್ದು (ಸಂಕಲನ, ಧ್ವನಿ, ಸಂಗೀತದ ಪರವಾನಗಿ, ಹಂಚಿಕೆ). ಊರಿನ ಗಿರಾಕಿಗಳು ಸಾಮಾನ್ಯವಾಗಿ ಮರೆಯುವುದು ಹಂಚಿಕೆಯ ಹಣವನ್ನು. ವಿಡಿಯೋಗೆ ಪೂರ್ತಿ ಖರ್ಚು ಮಾಡಿ, ಜನರಿಗೆ ಮುಟ್ಟಿಸಲು ಏನೂ ಉಳಿಸಿಕೊಂಡಿರುವುದಿಲ್ಲ. ತಾರೆಗಳನ್ನು ಕರೆತಂದರೆ ಲೆಕ್ಕವೇ ಬೇರೆ: ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮ 2025ರಲ್ಲಿ ಮೈಸೂರು ಸ್ಯಾಂಡಲ್‌ಗಾಗಿ ನಟಿ ತಮನ್ನಾ ಭಾಟಿಯಾ ಜೊತೆ ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಒಪ್ಪಂದ ಮಾಡಿಕೊಂಡಾಗ ರಾಜ್ಯದಲ್ಲಿ ದೊಡ್ಡ ಚರ್ಚೆ ನಡೆಯಿತು.

ಹಣವನ್ನು ಕಂತಿನಲ್ಲಿ ಕೊಡುವುದು ವಾಡಿಕೆ: ಮುಂಗಡ, ಚಿತ್ರೀಕರಣ ಮುಗಿದಾಗ ಒಂದು ಪಾಲು, ಅಂತಿಮ ಪ್ರತಿ ಕೊಟ್ಟಾಗ ಉಳಿದದ್ದು. ಎಷ್ಟು ಸಲ ತಿದ್ದುಪಡಿ ಉಚಿತ ಎಂಬುದನ್ನು ಕರಾರಿನಲ್ಲಿ ಬರೆಯದಿದ್ದರೆ ತಿದ್ದುಪಡಿಗೆ ಕೊನೆಯೇ ಇರುವುದಿಲ್ಲ. ಮಾಲೀಕತ್ವದ ಕಲಮೂ ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಚಿತ್ರ ಮಾಡಿಸಿಕೊಂಡವರೇ ಅದರ ಮೊದಲ ಒಡೆಯರು. ಬಳಸದೆ ಉಳಿದ ತುಣುಕುಗಳು ಯಾರ ಪಾಲು, ಸ್ಟುಡಿಯೋ ಅವನ್ನು ಬೇರೆಡೆ ಮಾರಬಹುದೇ ಎಂಬುದನ್ನು ಬೇರೆಯಾಗಿಯೇ ಬರೆಯಬೇಕು. ‘ವೈಲ್ಡ್ ಕರ್ನಾಟಕ’ದ ತುಣುಕುಗಳ ವಾಣಿಜ್ಯ ಬಳಕೆ ಕುರಿತ ವಿವಾದ ಕರ್ನಾಟಕ ಹೈಕೋರ್ಟಿಗೆ ಹೋಗಿ 2021ರಲ್ಲಿ ಪ್ರಸಾರಕ್ಕೆ ಮಧ್ಯಂತರ ತಡೆ ಬಂದದ್ದು, ಸರ್ಕಾರಿ ಅನುಮತಿಯಡಿ ಚಿತ್ರೀಕರಿಸುವ ಎಲ್ಲರೂ ಗಮನಿಸಬೇಕಾದ ಪ್ರಕರಣ.

ಅನುಮತಿಗಳು

ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಿಸಲು ಸಂಬಂಧಪಟ್ಟ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕು; ದೇವಾಲಯಗಳಲ್ಲಿ ಆಡಳಿತ ಮಂಡಳಿಯದು, ಅರಣ್ಯದಲ್ಲಿ ಅರಣ್ಯ ಇಲಾಖೆಯದು, ಅಣೆಕಟ್ಟಿನಲ್ಲಿ ನೀರಾವರಿ ಅಧಿಕಾರಿಗಳದು. ಪೇಟೆಯ ರಸ್ತೆಯಲ್ಲಿ ಟ್ರೈಪಾಡ್ ಹೂಡಿ ಜನ ಸೇರುವಂತಿದ್ದರೆ ಪೊಲೀಸ್ ಠಾಣೆಗೆ ಮೊದಲೇ ಪತ್ರ ಕೊಡುವುದು ಒಳ್ಳೆಯದು.

ಡ್ರೋನ್ ಹಾರಾಟಕ್ಕೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೋ. ಮೈಕ್ರೋ ಡ್ರೋನನ್ನು ವಾಣಿಜ್ಯ ಕೆಲಸಕ್ಕೆ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲ. ಹಳದಿ ವಲಯದಲ್ಲಿ ವಿಮಾನ ಸಂಚಾರ ನಿಯಂತ್ರಕರ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಕಡ್ಡಾಯ. ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣ ಮತ್ತು ಸೇನಾ ನೆಲೆಗಳಿರುವುದರಿಂದ ಆ ದಿಕ್ಕಿನಲ್ಲಿ ಹಾರಿಸುವ ಮುನ್ನ ಈ ವಲಯಗಳನ್ನು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಗಣ್ಯರು ಬರುವ ಉತ್ಸವದ ದಿನಗಳಲ್ಲಿ ಹಸಿರು ವಲಯದಲ್ಲೂ ತಾತ್ಕಾಲಿಕ ನಿರ್ಬಂಧ ಇರಬಹುದು.

14 ವರ್ಷದೊಳಗಿನ ಮಕ್ಕಳನ್ನು ಬಳಸಿದರೆ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ದಿನಕ್ಕೆ ಐದು ಗಂಟೆ ಮೀರದಂತೆ, ವಿರಾಮವಿಲ್ಲದೆ ಮೂರು ಗಂಟೆ ಮೀರದಂತೆ ಕೆಲಸ ಇರಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಎತ್ತು, ಕುದುರೆ, ಟಗರುಗಳನ್ನು ಅಭಿನಯಕ್ಕೆ ಬಳಸಿದರೆ 2001ರ ಪ್ರದರ್ಶನ ಪ್ರಾಣಿಗಳ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪಡೆಯಬೇಕು.

ಚಿತ್ರೀಕರಣ

ಸ್ಥಳವನ್ನು ಮೊದಲೇ ಹೋಗಿ ನೋಡುವುದು ಅರ್ಧ ದಿನದ ಕೆಲಸ, ಉಳಿಸುವುದು ಎರಡು ದಿನ. ಸೂರ್ಯ ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬರುತ್ತಾನೆ, ವಿದ್ಯುತ್ ಎಲ್ಲಿದೆ, ಹತ್ತಿರದ ಗಿರಣಿ ಯಾವಾಗ ಶುರುವಾಗುತ್ತದೆ ಎಂಬುದು ಅಲ್ಲಿ ನಿಂತಾಗಲೇ ತಿಳಿಯುವುದು. ಎರಿ ಮಣ್ಣಿನ ಹೊಲದಲ್ಲಿ ನೆಲ ಬೆಳಕನ್ನು ನುಂಗುತ್ತದೆ; ಬಿಳಿ ಧೋತರ, ಬಿಳಿ ಪಟಗ ಅದನ್ನೇ ಎರಡರಷ್ಟು ಹಿಂದಕ್ಕೆ ಎಸೆಯುತ್ತವೆ. ಬಟ್ಟೆಯ ಬಿಳುಪು ಕಳೆದುಹೋಗದಂತೆ ಎಕ್ಸ್‌ಪೋಷರ್ ಹೊಂದಿಸಿ, ಮುಖಕ್ಕೆ ರಿಫ್ಲೆಕ್ಟರ್ ಹಿಡಿಯುವುದು ಪರಿಹಾರ. ಏಪ್ರಿಲ್-ಮೇನಲ್ಲಿ ಬೆಳಗಿನ ಒಂಬತ್ತರ ನಂತರ, ಸಂಜೆ ನಾಲ್ಕರ ಮೊದಲು ಹೊರಾಂಗಣದಲ್ಲಿ ಮುಖ ತೆಗೆಯುವುದನ್ನು ಅನುಭವಿಗಳು ತಪ್ಪಿಸುತ್ತಾರೆ.

ಅಂಗಡಿ, ಶಾಲೆ, ಆಸ್ಪತ್ರೆಗಳ ಒಳಾಂಗಣದಲ್ಲಿ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳು ಚಿತ್ರದಲ್ಲಿ ಪಟ್ಟೆ ಪಟ್ಟೆಯಾಗಿ ಮಿಣುಕುವುದು ಸಾಮಾನ್ಯ ದೂರು. ಭಾರತದ ವಿದ್ಯುತ್ 50 ಹರ್ಟ್ಸ್ ಆವರ್ತನದ್ದು. ಫೋನು, ಕ್ಯಾಮೆರಾ ಸೆಕೆಂಡಿಗೆ 30 ಅಥವಾ 60 ಫ್ರೇಮಿಗೆ ಸಿದ್ಧವಾಗಿದ್ದು ಷಟರ್ ವೇಗ ಅದಕ್ಕೆ ತಕ್ಕಂತಿದ್ದರೆ ಈ ತೊಂದರೆ ಏಳುತ್ತದೆ. 25 ಫ್ರೇಮಿಗೆ ಇಟ್ಟು ಷಟರನ್ನು 1/50 ಅಥವಾ 1/100ಕ್ಕೆ ಹೊಂದಿಸಿದರೆ ಬಹುಪಾಲು ದೀಪಗಳಲ್ಲಿ ಇದು ನಿಲ್ಲುತ್ತದೆ.

ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಗಾಳಿಯ ತುಂಬ ಭಂಡಾರ. ಅರಿಶಿನದ ಆ ನುಣ್ಣನೆಯ ಪುಡಿ ಲೆನ್ಸಿನ ಉಂಗುರದೊಳಗೆ, ಗಿಂಬಲ್‌ನ ಮೋಟಾರಿನೊಳಗೆ ಇಳಿದರೆ ಮರುದಿನದ ಕೆಲಸ ಕೆಟ್ಟಂತೆಯೇ. ಆದ್ದರಿಂದ ಅಲ್ಲಿಗೆ ಹೋಗುವವರು ಕ್ಯಾಮೆರಾಗೆ ಪ್ಲಾಸ್ಟಿಕ್ ಹೊದಿಸಿ, ಮುಂದೆ ಸಾದಾ ಫಿಲ್ಟರ್ ಹಾಕಿ, ಜನಸಂದಣಿಯ ನಡುವೆ ಲೆನ್ಸ್ ಬದಲಿಸದೆ ಒಂದೇ ಜೂಮ್ ಲೆನ್ಸಿನಲ್ಲಿ ಕೆಲಸ ಮುಗಿಸುತ್ತಾರೆ. ಅಲ್ಲಿ ಸಮ್ಮತಿಯ ಪ್ರಶ್ನೆಯೂ ಇದೆ. ಹರಕೆ ತೀರಿಸುವವರ, ಜೋಗತಿಯರ ಮುಖಗಳನ್ನು ಕೇಳದೆ ತೆಗೆದು ಹೋಟೆಲಿನ ಜಾಹೀರಾತಿಗೆ ಹಾಕುವುದು ಸಲ್ಲ. ಯಲ್ಲಮ್ಮನ ಹೆಸರಿನಲ್ಲಿ ನಡೆಯುತ್ತಿದ್ದ ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರಲ್ಲೇ ಕಾಯ್ದೆಯಿಂದ ನಿಷೇಧಿಸಿದೆ. ಅದನ್ನು ಸಂಪ್ರದಾಯದ ಸೊಬಗೆಂದು ಬಿಂಬಿಸುವ ದೃಶ್ಯಕ್ಕೆ ಪ್ರವಾಸೋದ್ಯಮ ವಿಡಿಯೋದಲ್ಲಿ ಜಾಗವಿಲ್ಲ.

4ಕೆ ಗುಣಮಟ್ಟದಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಮುದ್ರಿಸಿದರೆ ಒಂದು ಗಂಟೆಗೆ ಸುಮಾರು 45 ಜಿಬಿ ಆಗುತ್ತದೆ. ಕಾರ್ಡು ತುಂಬಿದ ಕೂಡಲೇ ಎರಡು ಬೇರೆ ಡಿಸ್ಕಿಗೆ ಇಳಿಸಿ, ತೆರೆದು ನೋಡಿ, ಆಮೇಲೆ ಅಳಿಸಬೇಕು.

ಧ್ವನಿ

ನೋಡುಗರು ಮಸುಕು ಚಿತ್ರವನ್ನು ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಕ್ಯಾಮೆರಾದ ಮೈಕನ್ನೇ ನೆಚ್ಚಿದರೆ ಪೇಟೆಯ ಹಾರ್ನು, ಫ್ಯಾನಿನ ಗಾಳಿ, ಮಗ್ಗದ ಬಡಿತ ಮಾತನ್ನು ಮುಚ್ಚುತ್ತವೆ. ಕಾಲರ್ ಮೈಕನ್ನು ಎದೆಯ ಹತ್ತಿರ ಸಿಕ್ಕಿಸಿ, ಸೆರಗು-ಉತ್ತರೀಯ ಉಜ್ಜದಂತೆ ಟೇಪು ಹಾಕುತ್ತಾರೆ. ಮಾತು ಮುಗಿದ ಮೇಲೆ ಅದೇ ಜಾಗದ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ಮುದ್ರಿಸಿಟ್ಟರೆ ಸಂಕಲನದಲ್ಲಿ ಕತ್ತರಿಸಿದ ಕಡೆ ತೇಪೆ ಕಾಣುವುದಿಲ್ಲ.

ಸಂಗೀತದಲ್ಲಿ ಮದುವೆ ಸ್ಟುಡಿಯೋಗಳ ಹಳೆಯ ರೂಢಿ ಕೈಕೊಡುತ್ತದೆ. ಮದುವೆ, ಅದರ ಮೆರವಣಿಗೆ ಮತ್ತು ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿನಾಯಿತಿ ಕೊಟ್ಟಿದೆ. ಅಂಗಡಿಯ ಜಾಹೀರಾತಿಗೆ ಸಿನಿಮಾ ಹಾಡು ಹಾಕುವುದಕ್ಕೆ ಆ ವಿನಾಯಿತಿ ಇಲ್ಲ; ಹಾಡಿನ ಮತ್ತು ಧ್ವನಿಮುದ್ರಣದ ಹಕ್ಕುದಾರರ ಪರವಾನಗಿ ಬೇಕು. ಇಲ್ಲದಿದ್ದರೆ ಯೂಟ್ಯೂಬಿನ ಸ್ವಯಂಚಾಲಿತ ಗುರುತುವ್ಯವಸ್ಥೆ ಹಾಡನ್ನು ಪತ್ತೆಮಾಡಿ ವಿಡಿಯೋವನ್ನು ತಡೆಯಬಹುದು ಅಥವಾ ಆದಾಯವನ್ನು ಹಕ್ಕುದಾರರಿಗೆ ತಿರುಗಿಸಬಹುದು. ಇದಕ್ಕೆ ಸುಲಭ ಪರ್ಯಾಯ ಊರಿನಲ್ಲೇ ಇದೆ: ಡೊಳ್ಳು, ಕರಡಿ ಮಜಲು, ಚೌಡಿಕೆ, ಸಾಂಬಾಳ, ಭಜನಾ ತಂಡಗಳು. ಪರಂಪರೆಯ ಪದಕ್ಕೆ ಒಡೆಯರಿಲ್ಲದಿದ್ದರೂ ಹಾಡುವ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. ಅವರ ಲಿಖಿತ ಒಪ್ಪಿಗೆ ಪಡೆದು ಸಂಭಾವನೆ ಕೊಡುವುದು ನಿಯಮ.

ಸಂಕಲನ ಮತ್ತು ಅಕ್ಷರ

ಸಂಕಲನ ನಾಲ್ಕು ಹೆಜ್ಜೆಗಳಲ್ಲಿ ಸಾಗುತ್ತದೆ: ತುಣುಕುಗಳನ್ನು ವಿಂಗಡಿಸುವುದು; ಚಿತ್ರಕಥೆಯ ಕ್ರಮದಲ್ಲಿ ಒರಟಾಗಿ ಜೋಡಿಸುವುದು; ಕತ್ತರಿಸಿ ಬಿಗಿ ಮಾಡಿ ಗಿರಾಕಿಯ ಒಪ್ಪಿಗೆ ಪಡೆಯುವುದು; ಕೊನೆಗೆ ಬಣ್ಣ, ಧ್ವನಿ, ಅಕ್ಷರ ಸೇರಿಸುವುದು. ಒಪ್ಪಿಗೆಗೆ ಮುಂಚೆ ಬಣ್ಣ ತಿದ್ದಲು ಕೂತರೆ ಆ ಶ್ರಮ ವ್ಯರ್ಥವಾಗುವ ಸಂಭವವೇ ಹೆಚ್ಚು. ಸೀರೆ, ಆಭರಣಗಳ ವಿಡಿಯೋದಲ್ಲಿ ಬಣ್ಣವನ್ನು ಚಂದಕ್ಕಾಗಿ ತಿರುಚಬಾರದು. ಪರದೆಯಲ್ಲಿ ಕಂಡ ಕೆಂಪು ಗಂಟಿನಲ್ಲಿ ಬೇರೆಯಾಗಿದ್ದರೆ ಸೀರೆ ವಾಪಸಾಗುತ್ತದೆ. ನಿರೂಪಣೆಯ ಮಟ್ಟ ಸಂಗೀತಕ್ಕಿಂತ ಸ್ಪಷ್ಟವಾಗಿ ಮೇಲಿರಬೇಕು. ಒಟ್ಟು ಧ್ವನಿಯನ್ನು ಯೂಟ್ಯೂಬಿಗೆ ಸುಮಾರು -14 ಎಲ್‌ಯುಎಫ್‌ಎಸ್ (ಧ್ವನಿಯ ಜೋರಿನ ಅಳತೆ) ಮಟ್ಟದಲ್ಲಿ ಇಡುವುದು ರೂಢಿ.

ಕನ್ನಡ ಅಕ್ಷರ ಕೂರಿಸುವುದು ಇಲ್ಲಿನ ಸಂಕಲನಕಾರರ ನಿತ್ಯದ ಗೋಳು. ಅನೇಕ ವಿಡಿಯೋ ತಂತ್ರಾಂಶಗಳು ಮೂಲಸ್ಥಿತಿಯಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ, ದೀರ್ಘಗಳನ್ನು ಜೋಡಿಸುವುದಿಲ್ಲ. ‘ಕಿತ್ತೂರು’ ಎಂದು ಅಂಟಿಸಿದರೆ ತಕಾರದ ಒತ್ತು ಕೆಳಗಿಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ‘ಚೆನ್ನಮ್ಮ’ ಎರಡು ಕಡೆ ಒಡೆಯುತ್ತದೆ. ಪ್ರೀಮಿಯರ್‌ನಂಥ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಪಠ್ಯ ಆಯ್ಕೆಯನ್ನು ಆನ್ ಮಾಡಿದರೆ ಇದು ಸರಿಹೋಗುತ್ತದೆ. ಹಳೆಯ ಆವೃತ್ತಿ ಇಟ್ಟುಕೊಂಡವರು ಪಠ್ಯವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸಿ ಹಾಕುತ್ತಾರೆ, ಇಲ್ಲವೇ ಬೇರೆಡೆ ಬರೆದು ಚಿತ್ರವಾಗಿ ತಂದು ಕೂರಿಸುತ್ತಾರೆ. ಯಾವ ದಾರಿ ಹಿಡಿದರೂ ರೆಂಡರ್ ಆದ ಮೇಲೆ ಕನ್ನಡ ಚೆನ್ನಾಗಿ ಬಲ್ಲ, ಸಂಕಲನದಲ್ಲಿ ಕೂರದ ಒಬ್ಬರು ಪ್ರತಿ ಫಲಕವನ್ನು ಓದಲೇಬೇಕು. ರೀಲ್ಸ್ ನೋಡುವವರಲ್ಲಿ ಎಷ್ಟೋ ಜನ ಸದ್ದಿಲ್ಲದೆ ನೋಡುವುದರಿಂದ ಮಾತಿಗೆಲ್ಲ ಅಡಿಬರಹ ಹಾಕುವುದು ಈಗ ಕಡ್ಡಾಯದಂತಾಗಿದೆ. ಅಡಿಬರಹವನ್ನು ಕೆಳಗಿನ ಅಂಚಿಗೆ ತಾಗಿಸದೆ ತುಸು ಮೇಲೆ ಇಡಬೇಕು, ಏಕೆಂದರೆ ಆ ಅಂಚಿನಲ್ಲಿ ಆ್ಯಪ್‌ನ ಗುಂಡಿಗಳೂ ಹೆಸರೂ ಬಂದು ಕೂರುತ್ತವೆ.

ಬಿಡುಗಡೆ

ಒಂದೇ ಪ್ರತಿ ಎಲ್ಲ ಕಡೆಗೂ ಒಗ್ಗುವುದಿಲ್ಲ. ಯೂಟ್ಯೂಬ್ ಮತ್ತು ಟಿ.ವಿ.ಗೆ ಅಡ್ಡ ಚೌಕಟ್ಟು (1920×1080 ಅಥವಾ 3840×2160), ರೀಲ್ಸ್, ಶಾರ್ಟ್ಸ್, ಸ್ಟೇಟಸ್‌ಗೆ ನಿಂತ ಚೌಕಟ್ಟು (1080×1920). ಎರಡೂ ಬೇಕೆಂದು ಮೊದಲೇ ಗೊತ್ತಿದ್ದರೆ ಚಿತ್ರೀಕರಣದಲ್ಲೇ ಮುಖ್ಯ ವಸ್ತುವನ್ನು ನಡುವೆ ಇಟ್ಟುಕೊಳ್ಳಬಹುದು. ಯೂಟ್ಯೂಬಿನಲ್ಲಿ ದಾಟಿಸಬಹುದಾದ ಜಾಹೀರಾತಿಗೆ ಐದು ಸೆಕೆಂಡಿನ ನಂತರ ‘ಸ್ಕಿಪ್’ ಗುಂಡಿ ಬರುತ್ತದೆ. ಊರಿನ ಹೆಸರು, ಅಂಗಡಿಯ ಹೆಸರು ಅಷ್ಟರೊಳಗೆ ಬಂದಿರಬೇಕು. ದಾಟಿಸಲಾಗದ ಬಂಪರ್ ಜಾಹೀರಾತಿನ ಮಿತಿ ಆರು ಸೆಕೆಂಡು.

ಈ ತಾಲ್ಲೂಕುಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳೇ ದೊಡ್ಡ ಹಂಚಿಕೆಯ ಜಾಲ: ಊರಿನ ಗುಂಪು, ಸಂಘದ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು. ಆ ಆ್ಯಪ್ ವಿಡಿಯೋವನ್ನು ತಾನೇ ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರ ಕಲೆಸಿಹೋಗುತ್ತದೆ. ಅದಕ್ಕೆಂದೇ ಅಕ್ಷರ ದಪ್ಪಗಿರುವ, ಕಡಿಮೆ ತೂಕದ ಬೇರೆ ಪ್ರತಿ ಮಾಡುವುದು ಜಾಣತನ. ಚಿತ್ರಮಂದಿರದಲ್ಲಿ ತೋರಿಸುವ ಜಾಹೀರಾತಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಟಿ.ವಿ.ಗೆ 1994ರ ಕೇಬಲ್ ಟೆಲಿವಿಷನ್ ನಿಯಮಗಳ ಜಾಹೀರಾತು ಸಂಹಿತೆ ಅನ್ವಯಿಸುತ್ತದೆ. ಚುನಾವಣೆಯ ಹೊತ್ತಿನಲ್ಲಿ ಎಲೆಕ್ಟ್ರಾನಿಕ್ ಮಾಧ್ಯಮದ ರಾಜಕೀಯ ಜಾಹೀರಾತನ್ನು ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಮೊದಲು ನೋಡಿ ಒಪ್ಪಬೇಕು.

ಹೇಳಿಕೆಯ ಹೊಣೆ

ಜಾಹೀರಾತಿನ ಪ್ರತಿ ಹೇಳಿಕೆಗೂ ಆಧಾರ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಶಿಫಾರಸು ಮಾಡಿದವರನ್ನು ಒಂದು ವರ್ಷ, ಪುನರಾವರ್ತನೆಯಾದರೆ ಮೂರು ವರ್ಷದವರೆಗೆ ಬೇರೆ ಶಿಫಾರಸುಗಳಿಂದ ದೂರವಿಡಬಹುದು. ಹಣ ಅಥವಾ ಉಡುಗೊರೆ ಪಡೆದು ಹೊಗಳುವ ರೀಲ್ಸ್‌ಕಾರರು ಅದು ಜಾಹೀರಾತು ಎಂದು ಕಾಣುವಂತೆ ಬರೆಯಬೇಕು. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯೂ ದೂರುಗಳನ್ನು ಆಲಿಸುತ್ತದೆ.

ನೇಕಾರಿಕೆಯ ಸೀಮೆಯಲ್ಲಿ ಇದು ನೇರವಾಗಿ ತಟ್ಟುವ ವಿಷಯ. ವಿದ್ಯುತ್ ಮಗ್ಗದ ಸೀರೆ ಮಾರುತ್ತ ವಿಡಿಯೋದಲ್ಲಿ ಕೈಮಗ್ಗ ತೋರಿಸುವುದು ದಾರಿತಪ್ಪಿಸುವ ಜಾಹೀರಾತಿಗೆ ನೇರ ಉದಾಹರಣೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಿಂದ ಇದೆ, ‘ಹ್ಯಾಂಡ್‌ಲೂಮ್ ಮಾರ್ಕ್’ ಗುರುತು 2006ರಿಂದ. ಭೌಗೋಳಿಕ ಗುರುತು ಪಡೆದ ಇಳಕಲ್ ಸೀರೆಯ ಹೆಸರನ್ನು ಬೇರೆ ಕಡೆ ನೇಯ್ದ ಸೀರೆಗೆ ಹಚ್ಚುವಂತಿಲ್ಲ. ಕೋಚಿಂಗ್ ಕೇಂದ್ರಗಳ ‘ಶೇ 100 ಫಲಿತಾಂಶ’, ಔಷಧಗಳ ‘ಬೇರುಸಹಿತ ಗುಣ’ ಎಂಬ ಸಾಲುಗಳನ್ನು ಚಿತ್ರಕಥೆಯ ಹಂತದಲ್ಲೇ ಪ್ರಶ್ನಿಸುವುದು ನಿರ್ಮಾಪಕರಿಗೂ ಕ್ಷೇಮ.

ಫಲಿತಾಂಶ ಮತ್ತು ಸಂಗ್ರಹ

ನೋಡಿದವರ ಸಂಖ್ಯೆ ಫಲಿತಾಂಶದ ಒಂದು ತುಣುಕು ಮಾತ್ರ. ನೋಡುಗರು ಎಷ್ಟನೆಯ ಸೆಕೆಂಡಿಗೆ ಬಿಟ್ಟುಹೋದರು, ಯಾವ ಊರಿನವರು, ಫೋನ್ ಮಾಡಿದವರು ಎಷ್ಟು ಎಂಬುದು ಮುಂದಿನ ವಿಡಿಯೋಗೆ ದಾರಿ ತೋರಿಸುತ್ತದೆ. ಅಂಗಡಿಗಳು ವಿಡಿಯೋಗಾಗಿಯೇ ಬೇರೆ ಫೋನ್ ಸಂಖ್ಯೆ ಕೊಟ್ಟು, ಗಲ್ಲಾದ ಹತ್ತಿರ ‘ಎಲ್ಲಿ ನೋಡಿ ಬಂದ್ರಿ’ ಎಂದು ಕೇಳಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ಖರ್ಚಿಗೆ ಲೆಕ್ಕ ಸಿಗುತ್ತದೆ. ಜಾತ್ರೆ, ಉತ್ಸವಗಳ ವಿಡಿಯೋಗೆ ಅಳತೆ ಆ ದಿನ ಬಂದ ಜನ, ತುಂಬಿದ ಬಸ್ಸು, ವಸತಿಗೃಹಗಳ ಕೋಣೆ.

ಕೆಲಸ ಮುಗಿದ ಮೇಲೆ ಮೂಲ ತುಣುಕುಗಳನ್ನು ದಿನಾಂಕ, ಊರು, ವಿಷಯದ ಹೆಸರಿನಲ್ಲಿ ಜೋಡಿಸಿ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡುವುದು ಸುರಕ್ಷಿತ. ಜೊತೆಗೆ ಅನುಮತಿ ಪತ್ರ, ಕಲಾವಿದರ ಒಪ್ಪಿಗೆ, ಸಂಗೀತದ ಪರವಾನಗಿಗಳೂ ಇರಬೇಕು. ಅವಿಲ್ಲದ ತುಣುಕನ್ನು ಎರಡನೆಯ ಸಲ ಬಳಸಲು ಬರುವುದಿಲ್ಲ. ಈ ಸೀಮೆಯಲ್ಲಿ ಸಂಗ್ರಹಕ್ಕೆ ಹೆಚ್ಚಿನ ಬೆಲೆಯಿದೆ. ಅಕ್ಟೋಬರಿನಲ್ಲಿ ತೆಗೆದ ಮೆರವಣಿಗೆ ಮುಂದಿನ ಅಕ್ಟೋಬರಿನ ಪ್ರಚಾರಕ್ಕೆ, ಭಾರತ ಹುಣ್ಣಿಮೆಯದು ಮುಂದಿನ ಭಾರತ ಹುಣ್ಣಿಮೆಗೆ ಸರಕಾಗುತ್ತದೆ. ತುಣುಕುಗಳನ್ನು ಕಾಪಿಟ್ಟುಕೊಂಡ ಸ್ಟುಡಿಯೋ ಎರಡು ವಾರದ ಗಡುವಿನಲ್ಲೂ ನಾಲ್ಕು ಹಂಗಾಮಿನ ವಿಡಿಯೋ ಕೊಡಬಲ್ಲದು. ಅಳಿಸಿ ಹಾಕಿದ ಸ್ಟುಡಿಯೋ ಮತ್ತೊಂದು ಮಳೆಗಾಲಕ್ಕೆ ಕಾಯಬೇಕು.